‘ಪ್ಲೇಟ್‌ಲೆಟ್ ಎಷ್ಟು?’ ಎಂದು ಕೇಳಿದರಷ್ಟೇ ಸಾಲದು

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಶುರುವಾದರೆ ಸಾಕು, ನಮ್ಮ ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಎಲ್ಲರ ಬಾಯಲ್ಲಿ ಒಂದೇ ಮಾತು: ‘ಪ್ಲೇಟ್‌ಲೆಟ್ ಎಷ್ಟದ?’ ಗಾಯದಲ್ಲಿ ರಕ್ತ ನಿಲ್ಲಿಸುವ ಕಣಗಳ ಎಣಿಕೆ ಅದು. ಪತ್ರಿಕೆಗಳಲ್ಲಿ ಡೆಂಗಿ ಸುದ್ದಿ ಬಂದಾಗಲೂ ಆ ಸಂಖ್ಯೆ ಇದ್ದೇ ಇರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದೊಳಗೆ ಇದ್ದರೆ ನೆಮ್ಮದಿ, ಕೆಳಗಿಳಿದರೆ ಗಾಬರಿ. ನನ್ನ ಮಗಳದು 2 ಲಕ್ಷ 60 ಸಾವಿರ. ಎಷ್ಟು ಸಲ ಎಣಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಆದರೂ ಅವಳ ಮೂಗಿನಲ್ಲಿ ರಕ್ತ ಬರಲು ಶುರುವಾದರೆ ರಾತ್ರಿ ಕಳೆದು ಬೆಳಗಾದರೂ ನಿಲ್ಲುವುದಿಲ್ಲ. ಇದು ಹೇಗೆ ಅಂತ ತಿಳಿಯಲು ನಮಗೆ ಎಂಟು ವರ್ಷ ಬೇಕಾಯಿತು. ಇನ್ನೊಬ್ಬರ ಮನೆಯಲ್ಲಿ ಅಷ್ಟು ವರ್ಷ ಹೋಗಬಾರದು ಅಂತ ಈ ಪತ್ರ.

ನಾವು ಇಳಕಲ್‌ನ ನೇಕಾರರು. ಮನೆಯವರು ಕುಣಿಮಗ್ಗದಲ್ಲಿ ಕೂಡುತ್ತಾರೆ. ನಾನು ಕಂಡಿಕೆ ಸುತ್ತುತ್ತೇನೆ, ಸೆರಗಿನ ಕೊಂಡಿ ಹಾಕುತ್ತೇನೆ. ಪಿಯುಸಿ ತನಕ ಓದಿದ್ದೇನೆ, ಅದೂ ಕಲಾ ವಿಭಾಗ. ಇಲ್ಲಿ ಬರೆಯುವುದೆಲ್ಲ ಡಾಕ್ಟರುಗಳನ್ನೂ ಲ್ಯಾಬಿನವರನ್ನೂ ಬಿಡದೆ ಕೇಳಿ ಕೇಳಿ ಕಲಿತದ್ದು. ಮಗಳು ಈಗ ಒಂಬತ್ತನೇ ತರಗತಿ. ಅವಳ ಹೆಸರು ಬರೆದಿಲ್ಲ.

ಮೊದಲು ಗೊತ್ತಾದದ್ದು ಕಿವಿ ಚುಚ್ಚಿಸಿದ ದಿನ. ಅಕ್ಕಸಾಲಿಗರು ಬಂಗಾರದ ತಂತಿ ಏರಿಸಿದರು, ಮಗು ಅತ್ತಿತು, ಎಲ್ಲ ಮಕ್ಕಳ ಹಾಗೆ. ಒಂದು ಹನಿ ರಕ್ತ ಬಂತು. ಒರೆಸಿದೆ. ಮತ್ತೊಂದು ಹನಿ ಬಂತು. ಅರಿಶಿನ ಇಟ್ಟೆವು, ಬಟ್ಟೆ ಒತ್ತಿ ಹಿಡಿದೆವು. ಸಂಜೆ ದೀಪ ಹಚ್ಚುವ ಹೊತ್ತಿಗೂ ಹನಿ ನಿಂತಿರಲಿಲ್ಲ. ರಾತ್ರಿಯಿಡೀ ನಾನು ಮತ್ತು ಅತ್ತೆ ಪಾಳಿ ಹಾಕಿಕೊಂಡು ಆ ಪುಟ್ಟ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಕೂತೆವು. ‘ದೃಷ್ಟಿ ಆಗೇದ’ ಅಂದರು. ನಿವಾಳಿಸಿದೆವು.

ಆಮೇಲೆ ಅಂಬೆಗಾಲಿಟ್ಟರೆ ಮೊಣಕಾಲಲ್ಲಿ ನೀಲಿ ಕಲೆ. ಎತ್ತಿಕೊಂಡರೆ ಕಂಕುಳಲ್ಲಿ ನೀಲಿ ಕಲೆ. ಮೊದಲ ಹಾಲುಹಲ್ಲು ಬಿದ್ದಾಗ ಎರಡು ದಿನ ದಿಂಬು ಕೆಂಪಾಯಿತು. ಬಿಸಿಲುಗಾಲದಲ್ಲಂತೂ ಮೂಗಿನ ಕಾಟ ಕೇಳಬೇಡಿ. ಪ್ರತಿ ಸಲ ರಕ್ತ ತಪಾಸಣೆ ಮಾಡಿಸಿದೆವು. ಪ್ಲೇಟ್‌ಲೆಟ್ ಸರಿ ಇದೆ. ರಕ್ತ ಹೆಪ್ಪುಗಟ್ಟುವ ಹೊತ್ತು ನೋಡುವ ಎರಡು ಟೆಸ್ಟ್ ಮಾಡುತ್ತಾರಲ್ಲ, ಅವೂ ಸರಿ ಇವೆ. ಒಂದು ಆಸ್ಪತ್ರೆಯಲ್ಲಿ ‘ರಿಪೋರ್ಟ್ ಎಲ್ಲ ನಾರ್ಮಲ್ ಇದೆಯಮ್ಮ, ಹುಡುಗಿ ಮೂಗಿನಲ್ಲಿ ಬೆರಳು ಹಾಕದಂತೆ ನೋಡಿಕೊಳ್ಳಿ’ ಎಂದು ಕಳಿಸಿದರು. ಏಳು ವರ್ಷದವಳಿದ್ದಾಗ ಜ್ವರ ಮೈಕೈನೋವು ಅಂತ ಒಂದು ಕ್ಲಿನಿಕ್‌ಗೆ ಹೋದೆವು. ಅಲ್ಲಿ ನೋವಿನ ಇಂಜೆಕ್ಷನ್ ಕೊಟ್ಟರು. ಮರುದಿನ ತೊಡೆ ಕಲ್ಲಿನಂತೆ ಗಟ್ಟಿಯಾಗಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮೂರು ವಾರ ಅವಳು ನೆಲಕ್ಕೆ ಕಾಲು ಊರಲಿಲ್ಲ.

ನಮಗೆ ದಾರಿ ತೋರಿಸಿದವರು ಬಾಗಲಕೋಟೆಯ ಒಬ್ಬ ಹಿರಿಯ ಲ್ಯಾಬ್ ಟೆಕ್ನಿಷಿಯನ್. ಅವರು ಮಾಡಿದ್ದು ಎರಡೇ ಕೆಲಸ. ಎರಡಕ್ಕೂ ದೊಡ್ಡ ಮಷೀನ್ ಬೇಕಾಗಲಿಲ್ಲ.

ಮೊದಲನೆಯದು, ಮಗಳ ಬೆರಳು ಚುಚ್ಚಿ ಬಂದ ಹನಿಯನ್ನು ಸೀದಾ ಗಾಜಿನ ಪಟ್ಟಿಯ ಮೇಲೆ ಸವರಿದರು. ರಕ್ತ ಹೆಪ್ಪುಗಟ್ಟದಂತೆ ಔಷಧಿ ಹಾಕಿದ ಟ್ಯೂಬಿನಿಂದ ತೆಗೆದ ರಕ್ತ ಅಲ್ಲ, ಬೆರಳಿನಿಂದ ಬಂದ ಹಸಿ ರಕ್ತ. ಪಕ್ಕದಲ್ಲಿ ತಮ್ಮದೇ ಬೆರಳಿನ ಹನಿ ಸವರಿದ ಇನ್ನೊಂದು ಪಟ್ಟಿ ಇಟ್ಟರು. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಅವರ ರಕ್ತದಲ್ಲಿ ನೇರಳೆ ಬಣ್ಣದ ಚಿಕ್ಕ ಚುಕ್ಕೆಗಳು ಗುಂಪು ಗುಂಪಾಗಿ ಒತ್ತಿಕೊಂಡಿದ್ದವು, ಬೆಲ್ಲಕ್ಕೆ ಮುತ್ತಿದ ಇರುವೆಗಳ ಹಾಗೆ. ಮಗಳ ರಕ್ತದಲ್ಲೂ ಚುಕ್ಕೆಗಳಿಗೆ ಕೊರತೆ ಇರಲಿಲ್ಲ. ಆದರೆ ಒಂದೊಂದೂ ಬಿಡಿಬಿಡಿ. ಸರ ಹರಿದು ಮಣಿ ಚೆಲ್ಲಿದಂತೆ. ಒಂದಕ್ಕೊಂದು ಅಂಟಿದ ಎರಡು ಚುಕ್ಕೆ ಸಹ ಸಿಗಲಿಲ್ಲ.

ಎರಡನೆಯದು, ಇಬ್ಬರ ರಕ್ತವನ್ನೂ ಬರೀ ಗಾಜಿನ ಟ್ಯೂಬಿನಲ್ಲಿ ಹಾಕಿ ಮೈಬಿಸಿಯಷ್ಟು ಬಿಸಿನೀರಿನಲ್ಲಿ ಇಟ್ಟರು. ಎರಡೂ ಹೆಪ್ಪುಗಟ್ಟಿದವು. ಒಂದೆರಡು ತಾಸು ಬಿಟ್ಟು ನೋಡಿದರೆ ಅವರ ಹೆಪ್ಪು ಮುದುಡಿ ಟ್ಯೂಬಿನ ಗೋಡೆ ಬಿಟ್ಟಿತ್ತು. ಮೊಸರಿನ ಮೇಲೆ ನೀರು ಬಿಟ್ಟ ಹಾಗೆ ಸುತ್ತ ಹಳದಿ ತಿಳಿ ನಿಂತಿತ್ತು. ಮಗಳದು ಹಾಕಿದ್ದು ಹಾಕಿದಂತೆ ಟ್ಯೂಬಿನ ತುಂಬ ಕೂತಿತ್ತು. ಮುದುಡಿಯೇ ಇಲ್ಲ. ಆ ಹಿರಿಯರು ಬಹಳ ಹೊತ್ತು ಟ್ಯೂಬ್ ಹಿಡಿದು ನೋಡಿ, ‘ತಂಗೀ, ಎಣಿಕೆ ಸರಿ ಅದ. ಕೆಲಸ ಸರಿ ಇಲ್ಲ. ಬೆಂಗಳೂರಿಗೆ ಹೋಗ್ರಿ’ ಅಂದರು.

ಇಲ್ಲೇ ರಕ್ತ ತೆಗೆದು ಬಸ್ಸಿನಲ್ಲಿ ಕಳಿಸಬಹುದಲ್ವಾ ಅಂತ ಕೇಳಿದೆ. ಆಗುವುದಿಲ್ಲ ಅಂದರು. ಪ್ಲೇಟ್‌ಲೆಟ್ ಕೆಲಸ ಮಾಡುತ್ತದಾ ಅಂತ ಬೆಂಗಳೂರಿನಲ್ಲಿ ನೋಡುವ ಟೆಸ್ಟ್‌ಗೆ ಅದು ಜೀವಂತ ಬೇಕು. ರಕ್ತ ತೆಗೆದ ಸುಮಾರು 4 ತಾಸಿನೊಳಗೆ ಮುಗಿಸಬೇಕು. ಐಸಿನಲ್ಲಿ ಇಡುವಂತಿಲ್ಲ, ಕುಲುಕುವಂತಿಲ್ಲ. ಹಾಗಾಗಿ ರಕ್ತ ಹೋಗುವುದಿಲ್ಲ, ರೋಗಿಯೇ ಹೋಗಬೇಕು. ನಾವು ವಿಚಾರಿಸಿದ ಕಡೆಯಲ್ಲೆಲ್ಲ ಹತ್ತಿರದಲ್ಲಿ ಯಾರೂ ಆ ಟೆಸ್ಟ್ ಮಾಡುತ್ತಿರಲಿಲ್ಲ. ರಾತ್ರಿ ಬಸ್ಸು ಹತ್ತಿದೆವು. ಹೊಸಪೇಟೆ ದಾಟುವಾಗ ಮಗಳ ಮೂಗಿನಲ್ಲಿ ರಕ್ತ ಶುರುವಾಯಿತು. ಚಿತ್ರದುರ್ಗದ ತನಕ ಒತ್ತಿ ಹಿಡಿದು ಕೂತಿದ್ದೆ.

ಬೆಂಗಳೂರಿನ ಲ್ಯಾಬಿನಲ್ಲಿ ಕಂಡದ್ದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಅದನ್ನು ಕಣ್ಣಾರೆ ಕಂಡ ಮೇಲೆಯೇ ನನಗೆ ಮಗಳ ಮೈಯೊಳಗೆ ಆಗುವುದು ಅರ್ಥವಾದದ್ದು.

ರಕ್ತದ ಟ್ಯೂಬನ್ನು ಮಷೀನಿನಲ್ಲಿಟ್ಟು ಮೆಲ್ಲಗೆ ತಿರುಗಿಸಿದರೆ ಕೆಂಪು ಕೆಳಗಿಳಿಯುತ್ತದೆ. ಮೇಲೆ ಹಳದಿ ಬಣ್ಣದ ಮಬ್ಬು ನೀರು ಉಳಿಯುತ್ತದೆ. ಆ ಮಬ್ಬೇ ಪ್ಲೇಟ್‌ಲೆಟ್. ಅದನ್ನು ಪುಟ್ಟ ಗಾಜಿನ ನಳಿಗೆಗೆ ಹಾಕಿ ಒಂದು ಕಡೆಯಿಂದ ಬೆಳಕು ಬಿಡುತ್ತಾರೆ. ಮಬ್ಬು ಇರುವುದರಿಂದ ಬೆಳಕು ಆಚೆ ಹೆಚ್ಚು ದಾಟುವುದಿಲ್ಲ. ಆಮೇಲೆ ಒಂದು ಹನಿ ಎಡಿಪಿ ಎಂಬ ದ್ರವ ಹಾಕುತ್ತಾರೆ. ಪ್ಲೇಟ್‌ಲೆಟ್‌ಗಳು ಗುಂಪುಗೂಡಿದಂತೆ ನೀರು ತಿಳಿಯಾಗುತ್ತದೆ, ಬೆಳಕು ದಾಟುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ನನ್ನ ತವರು ಮಲಪ್ರಭಾ ದಂಡೆಯ ಊರು. ಹೊಳೆಗೆ ಕೆಂಪು ನೀರು ಬಂದಾಗ ಅವ್ವ ಕೊಡದಲ್ಲಿ ಪಟಕ ತಿರುಗಿಸುತ್ತಿದ್ದಳು. ರಾಡಿ ಕೂಡಿಕೊಂಡು ತಳಕ್ಕೆ ಇಳಿದರೆ ನೀರು ತಿಳಿ. ಇದೂ ಹಾಗೇ ಅನ್ನಿಸಿತು. ಈ ಉಪಾಯವನ್ನು 1962ರಲ್ಲಿ ಬರೆದು ತಿಳಿಸಿದವರು ಗುಸ್ತಾವ್ ಬಾರ್ನ್ ಅಂತ. ಅವರ ತಂದೆ ಮ್ಯಾಕ್ಸ್ ಬಾರ್ನ್ ದೊಡ್ಡ ಭೌತವಿಜ್ಞಾನಿ. ಸಿ.ವಿ. ರಾಮನ್ ಕರೆದರೆಂದು 1935ರಲ್ಲಿ ಬೆಂಗಳೂರಿಗೆ ಬಂದು ಕೆಲವು ತಿಂಗಳು ಇದ್ದರಂತೆ. ಲ್ಯಾಬಿನ ಹುಡುಗ ಇದನ್ನು ಹೇಳುವಾಗ ಅವನ ಮುಖದಲ್ಲಿ ಎಂಥ ಖುಷಿ ಇತ್ತು! ಆ ದಿನ ನಮಗೆ ಸಿಕ್ಕ ಒಂದೇ ನಗುಮುಖ ಅದು.

ಮೊದಲು ನನ್ನ ರಕ್ತ ಹಾಕಿದರು. ಗೆರೆ ಏರಿತು, ಅರೆಗಳಿಗೆ ನಿಂತಿತು, ಮತ್ತೆ ಜೋರಾಗಿ ಏರಿತು. ಎರಡು ಏರು ಏಕೆ ಅಂತ ಕೇಳಿದೆ. ಡಾಕ್ಟರ್ ಮೇಡಂ ಕೂತು ಹೇಳಿದರು.

ಪ್ಲೇಟ್‌ಲೆಟ್ ಅಂದರೆ ಮೂಳೆಮಜ್ಜೆಯ ದೊಡ್ಡ ಕೋಶವೊಂದರಿಂದ ಉದುರಿದ ಚೂರು. ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 400 ಸಾಲಾಗಿ ಕೂಡಬಹುದು, ಅಷ್ಟು ಸಣ್ಣದು. 7ರಿಂದ 10 ದಿನ ಬದುಕುತ್ತದೆ. ಸುಮ್ನೆ ಇದ್ದಾಗ ಚಪ್ಪಟೆ ಬಿಲ್ಲೆ. ರಕ್ತನಾಳಕ್ಕೆ ಗಾಯವಾದರೆ ಗೋಡೆಯೊಳಗಿನ ಕೊಲಾಜೆನ್ ಎಂಬ ನಾರು ಬಯಲಾಗುತ್ತದೆ. ಅದರ ಮೇಲೆ ವಾನ್ ವಿಲ್ಲೆಬ್ರಾಂಡ್ ಎಂಬ ಉದ್ದನೆಯ ಪ್ರೋಟೀನ್ ಬಂದು ಕೂಡುತ್ತದೆ. ಓಡುತ್ತಿದ್ದ ಪ್ಲೇಟ್‌ಲೆಟ್ ಅದಕ್ಕೆ ತಗುಲಿ ನಿಲ್ಲುತ್ತದೆ. ನಿಂತ ಕೂಡಲೇ ರೂಪ ಬದಲಾಗುತ್ತದೆ. ಉಂಡೆಯಾಗಿ ಸುತ್ತಲೂ ಮುಳ್ಳು ಚಾಚುತ್ತದೆ, ನಮ್ಮ ಹೊಲದ ನೆಗ್ಗಿಲು ಮುಳ್ಳಿನ ಹಾಗೆ.

ಅದರ ಹೊಟ್ಟೆಯಲ್ಲಿ ಪುಟ್ಟ ಚೀಲಗಳಿವೆ. ಎರಡು ಥರ. ಕೆಲವೇ ಕೆಲವು ಗಟ್ಟಿ ಚೀಲಗಳಲ್ಲಿ ಎಡಿಪಿ, ಸೆರಟೋನಿನ್, ಕ್ಯಾಲ್ಸಿಯಂ. ಇನ್ನೊಂದು ಥರದವು ಹತ್ತಾರು. ಅವುಗಳಲ್ಲಿ ಫೈಬ್ರಿನೋಜೆನ್, ವಾನ್ ವಿಲ್ಲೆಬ್ರಾಂಡ್, ಗಾಯ ಮಾಯಲು ಬೇಕಾದ ಇನ್ನೂ ಏನೇನೋ. ಗಾಯದ ಹತ್ತಿರ ನಿಂತ ಪ್ಲೇಟ್‌ಲೆಟ್ ಈ ಚೀಲಗಳನ್ನೆಲ್ಲ ಹೊರಗೆ ಸುರಿಯುತ್ತದೆ. ಸೆರಟೋನಿನ್ ರಕ್ತನಾಳವನ್ನು ಬಿಗಿಮಾಡುತ್ತದೆ. ಎಡಿಪಿ ಹರಿದುಹೋಗುತ್ತಿರುವ ಬೇರೆ ಪ್ಲೇಟ್‌ಲೆಟ್‌ಗಳನ್ನು ಕೂಗಿ ಕರೆಯುತ್ತದೆ. ಅದೇ ಹೊತ್ತಿಗೆ ಥ್ರಾಂಬಾಕ್ಸೇನ್ ಎಂಬ ಇನ್ನೊಂದು ಕೂಗನ್ನು ಅಲ್ಲೇ ಹೊಸದಾಗಿ ತಯಾರಿಸಿ ಬಿಡುತ್ತದೆ. ಬಂದವು ಮತ್ತೆ ತಮ್ಮ ಚೀಲ ಬಿಚ್ಚುತ್ತವೆ, ಇನ್ನಷ್ಟನ್ನು ಕರೆಯುತ್ತವೆ. ನನ್ನ ರಕ್ತದ ಮೊದಲ ಏರು ನಾವು ಹಾಕಿದ ಹನಿಯ ಕರೆಗೆ, ಎರಡನೇ ಏರು ಅವು ತಾವೇ ಒಂದನ್ನೊಂದು ಕರೆದುಕೊಂಡದ್ದಕ್ಕೆ. ಓಣಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಒಬ್ಬರು ಕೂಗಿ ಹತ್ತು ಜನ ಬಂದು, ಆ ಹತ್ತು ಜನ ಕೂಗಿ ಊರೇ ಬರುವುದಿಲ್ವಾ, ಹಾಗೆ.

ಆಮೇಲೆ ಮಗಳ ರಕ್ತ ಹಾಕಿದರು. ಗೆರೆ ಶುರುವಿನಲ್ಲಿ ಒಂದಿಷ್ಟು ತಗ್ಗಿತು. ಬಿಲ್ಲೆ ಉಂಡೆಯಾಗುವಾಗ ಹಾಗೆ ತಗ್ಗುತ್ತದಂತೆ. ಅಂದರೆ ಅವು ಕರೆ ಕೇಳಿದ್ದವು, ಎದ್ದು ನಿಂತಿದ್ದವು. ಆಮೇಲೆ ಗೆರೆ ಅಡ್ಡ ಹೋಯಿತು. ಐದು ನಿಮಿಷ ಆದರೂ ಅಡ್ಡವೇ. ಕೊಲಾಜೆನ್ ಹಾಕಿದರು, ಅಡ್ಡ. ಅಡ್ರಿನಾಲಿನ್ ಹಾಕಿದರು, ಅಡ್ಡ. ಕೊನೆಗೆ ರಿಸ್ಟೋಸೆಟಿನ್ ಎಂಬುದನ್ನು ಹಾಕಿದಾಗ ಮಾತ್ರ ಗೆರೆ ಎದ್ದಿತು. ಅದು ಹಿಂದೊಮ್ಮೆ ಆಂಟಿಬಯಾಟಿಕ್ ಆಗಿತ್ತು. ರೋಗಿಗಳ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುತ್ತದೆ ಅಂತ ಗೊತ್ತಾಗಿ ಔಷಧಿಯಾಗಿ ನಿಲ್ಲಿಸಿದರು. ಅದು ಎಳೆಯುವುದು ಪ್ಲೇಟ್‌ಲೆಟ್ ವಾನ್ ವಿಲ್ಲೆಬ್ರಾಂಡ್‌ಗೆ ತಗುಲುವ ಹಿಡಿಕೆಯನ್ನು. ಮಗಳಲ್ಲಿ ಆ ಹಿಡಿಕೆ ಇದೆ. ಇಲ್ಲದ್ದು ಇನ್ನೊಂದು.

ಏನಿಲ್ಲ ಅಂತ ಮೇಡಂ ಚಿತ್ರ ಬರೆದು ತೋರಿಸಿದಾಗ ನಾನು ತಟ್ಟನೆ ‘ಕೊಂಡಿ’ ಅಂದೆ. ಇಳಕಲ್ ಸೀರೆ ಉಟ್ಟವರಿಗೆ ಇದು ಗೊತ್ತಿರಬಹುದು. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ದಿನವಿಡೀ ಬಗ್ಗಿ ಕೂತು ಮಾಡುವ ಕೆಲಸ, ನನ್ನ ಕೆಲಸ. ರೇಷ್ಮೆ ಎಷ್ಟು ಚೆಂದ ಇದ್ದರೂ ಕೊಂಡಿ ಬೀಳದಿದ್ದರೆ ಸೆರಗು ಸೀರೆಗೆ ಸೇರುವುದಿಲ್ಲ. ಪ್ಲೇಟ್‌ಲೆಟ್ ಮೈಮೇಲೂ ಅಂಥದೇ ಕೊಂಡಿಗಳಿವೆ, ಒಂದೊಂದರ ಮೇಲೆ ಸುಮಾರು 80 ಸಾವಿರ. ಸುಮ್ನೆ ಇದ್ದಾಗ ಮಡಚಿಕೊಂಡಿರುತ್ತವೆ. ಕರೆ ಬಂದಾಗ ತೆರೆದುಕೊಳ್ಳುತ್ತವೆ. ಫೈಬ್ರಿನೋಜೆನ್ ಎಳೆಯ ಒಂದು ತುದಿ ಈ ಪ್ಲೇಟ್‌ಲೆಟ್ಟಿನ ಕೊಂಡಿಗೆ, ಇನ್ನೊಂದು ತುದಿ ಪಕ್ಕದ್ದರ ಕೊಂಡಿಗೆ. ಹೀಗೆ ಸಾವಿರಾರು ಎಳೆ ಕೂಡಿದರೆ ಗಾಯಕ್ಕೆ ಮುಚ್ಚಳ. ಮುಂದೆ ಹೆಪ್ಪು ಮುದುಡುವುದೂ ಅದೇ ಕೊಂಡಿ ಹಿಡಿದು ಎಳೆದಾಗಲೇ. ಮಗಳ ಟ್ಯೂಬಿನಲ್ಲಿ ಹೆಪ್ಪು ಮುದುಡದಿದ್ದದ್ದು ಅದಕ್ಕೇ. ಅವಳ ಕೊಂಡಿಗಳನ್ನೇ ಎಣಿಸುವ ಟೆಸ್ಟ್ ಆಮೇಲೆ ಮಾಡಿದರು. ನೂರಕ್ಕೆ 5 ಸಹ ಇರಲಿಲ್ಲ. ಬಲವಾಗಿ ಎಬ್ಬಿಸಿದರೆ ಅವಳ ಪ್ಲೇಟ್‌ಲೆಟ್‌ಗಳೂ ಚೀಲ ಬಿಚ್ಚುತ್ತವೆ. ಕರೆಯುತ್ತವೆ, ಬರುತ್ತವೆ. ಒಂದನ್ನೊಂದು ಹಿಡಿಯಲು ಕೈಯಿಲ್ಲ.

ಇದಕ್ಕೆ ಗ್ಲಾನ್ಜ್‌ಮನ್ ಕಾಯಿಲೆ ಅಂತ ಹೆಸರು. ಸ್ವಿಟ್ಜರ್ಲೆಂಡಿನ ಮಕ್ಕಳ ಡಾಕ್ಟರ್ ಎಡುವರ್ಡ್ ಗ್ಲಾನ್ಜ್‌ಮನ್ 1918ರಲ್ಲೇ ಬರೆದಿದ್ದರು. ಅವರು ಗಮನಿಸಿದ್ದೂ ಹೆಪ್ಪು ಮುದುಡದೇ ಇರುವುದನ್ನು. ಬಾಗಲಕೋಟೆಯ ನಮ್ಮ ಹಿರಿಯರು ಅದನ್ನೇ ಒಂದು ಗಾಜಿನ ಟ್ಯೂಬಿನಲ್ಲಿ ಹಿಡಿದರು.

ಕಾಯಿಲೆ ಬರಲು ಅಪ್ಪ ಅವ್ವ ಇಬ್ಬರಿಂದಲೂ ಒಂದೊಂದು ದೋಷ ಸೇರಬೇಕು. ಒಂದೇ ಇದ್ದವರಿಗೆ ಏನೂ ಆಗುವುದಿಲ್ಲ. ಅರ್ಧ ಕೊಂಡಿ ಇದ್ದರೂ ಕೆಲಸ ನಡೆಯುತ್ತದೆ. ನನ್ನ ಗೆರೆ ಏರಿದ್ದು ಅದಕ್ಕೇ. ನಾನು ಮದುವೆಯಾದದ್ದು ಅವ್ವನ ತಮ್ಮನನ್ನು. ನಮ್ಮ ಕಡೆ ಇದು ಎಷ್ಟು ಸಹಜ ಅಂತ ನಿಮಗೂ ಗೊತ್ತು. ಒಂದೇ ಮನೆತನದ ದೋಷ ನಮ್ಮಿಬ್ಬರಲ್ಲೂ ಇತ್ತು. ಇಂಥ ಗಂಡಹೆಂಡತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಾಧ್ಯತೆ. ಮಗನಿಗೆ ಬರಲಿಲ್ಲ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ನನ್ನ ಗಂಡ ಒಳ್ಳೆಯವರು, ಮದುವೆ ಮಾಡಿಸಿದ ಹಿರಿಯರೂ ಒಳ್ಳೆಯದನ್ನೇ ಬಯಸಿದ್ದರು. ಆದರೆ ಮಗನಿಗೆ ಸಂಬಂಧದಲ್ಲಿ ಹೆಣ್ಣು ತರುವುದಿಲ್ಲ ಅಂತ ಈಗಲೇ ಮನೆಯಲ್ಲಿ ಹೇಳಿಬಿಟ್ಟಿದ್ದೇನೆ.

ನಮ್ಮ ಮನೆಯಲ್ಲಿ ಇನ್ನೊಂದು ಸಂಗತಿ ಇದೆ. ನನ್ನ ಮಾವನವರು, ಅವ್ವನ ಕಡೆಯಿಂದ ನನಗೆ ಅಜ್ಜ, ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು. ಅವರಿಗೆ ದಿನಾ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್. ಆಸ್ಪಿರಿನ್ ಥ್ರಾಂಬಾಕ್ಸೇನ್ ಕೂಗನ್ನು ಕಟ್ಟುತ್ತದೆ. ಕ್ಲೋಪಿಡೊಗ್ರೆಲ್ ಎಡಿಪಿ ಕೂಗು ಕೇಳುವ ಕಿವಿಯನ್ನು ಮುಚ್ಚುತ್ತದೆ. ಪ್ಲೇಟ್‌ಲೆಟ್‌ಗೆ ಹೊಸದಾಗಿ ಕಿಣ್ವ ಮಾಡಿಕೊಳ್ಳಲು ಒಳಗೆ ಕೋಶಕೇಂದ್ರವೇ (ನ್ಯೂಕ್ಲಿಯಸ್) ಇಲ್ಲ. ಹಾಗಾಗಿ ಒಮ್ಮೆ ಆಸ್ಪಿರಿನ್ ತಗುಲಿದ ಪ್ಲೇಟ್‌ಲೆಟ್ ಸಾಯುವ ತನಕ ಥ್ರಾಂಬಾಕ್ಸೇನ್ ಮಾಡುವುದಿಲ್ಲ. ಅಜ್ಜನ ಜೀವ ಉಳಿಸುವ ಗುಳಿಗೆ ಮೊಮ್ಮಗಳಿಗೆ ವಿಷ. ಅವರ ಡಬ್ಬಿ ದೇವರ ಮಾಡಿನ ಮೇಲಿದೆ, ಅವಳದು ಅಡುಗೆ ಮನೆಯಲ್ಲಿ. ನೋವಿಗೆ ಕೊಡುವ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕೂಡ ಅದೇ ಕೂಗನ್ನು ಸ್ವಲ್ಪ ಹೊತ್ತು ಕಟ್ಟುವವು. ಅವಳಿಗೆ ಜ್ವರ ನೋವು ಏನೇ ಇದ್ದರೂ ಪ್ಯಾರಾಸಿಟಮಾಲ್ ಮಾತ್ರ. ಮಾಂಸಕ್ಕೆ ಚುಚ್ಚುವ ಇಂಜೆಕ್ಷನ್ ಬೇಡವೇ ಬೇಡ.

ಅವಳು ದೊಡ್ಡವಳಾದ ದಿನಗಳನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಮುಟ್ಟು ಹದಿನೈದು ದಿನ ನಿಲ್ಲಲಿಲ್ಲ. ಹಿಮೋಗ್ಲೋಬಿನ್ 5ಕ್ಕೆ ಇಳಿಯಿತು. ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ, ಹಾರ್ಮೋನ್ ಗುಳಿಗೆ, ಕೊನೆಗೆ ಬೇರೆಯವರ ಪ್ಲೇಟ್‌ಲೆಟ್ ಹಾಕಿ ನಿಲ್ಲಿಸಿದರು. ಅದನ್ನೂ ಪದೇ ಪದೇ ಹಾಕುವಂತಿಲ್ಲ. ಕೊಂಡಿಯನ್ನೇ ಎಂದೂ ಕಾಣದ ಮೈ, ಹೊರಗಿನಿಂದ ಬಂದ ಕೊಂಡಿಯನ್ನು ಶತ್ರು ಅಂತ ತಿಳಿದು ಹೊಡೆಯಲು ಕಲಿತುಬಿಡಬಹುದು. ಆಮೇಲೆ ಎಷ್ಟು ಹಾಕಿದರೂ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಮುಟ್ಟಿನ ವಿಷಯ ಬಾಯಿ ಬಿಡುವುದಿಲ್ಲ. ‘ನಮ್ಮ ಮನೆತನದಾಗ ಎಲ್ಲಾರಿಗೂ ಜಾಸ್ತಿನೇ ಹೋಗ್ತದ’ ಅಂತ ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ. ವಾನ್ ವಿಲ್ಲೆಬ್ರಾಂಡ್ ಎಂದೆನಲ್ಲ, ಆ ಹೆಸರಿನ ಫಿನ್ಲೆಂಡಿನ ಡಾಕ್ಟರ್ 1926ರಲ್ಲಿ ಬರೆದ ಹುಡುಗಿ ಹದಿಮೂರನೇ ವಯಸ್ಸಿಗೆ, ನಾಲ್ಕನೇ ಮುಟ್ಟಿನ ರಕ್ತಸ್ರಾವದಲ್ಲಿ ತೀರಿಹೋದಳು. ಅವಳಿಗಿದ್ದದ್ದು ಬೇರೆ ಕಾಯಿಲೆ. ಆದರೂ ಆ ವಿಷಯ ಕೇಳಿದ ರಾತ್ರಿ ನಾನು ಮಗಳ ಪಕ್ಕ ಬಿಟ್ಟು ಏಳಲಿಲ್ಲ.

ನಮ್ಮ ಜಿಲ್ಲೆಗಳ ಡಾಕ್ಟರುಗಳಲ್ಲಿ, ಲ್ಯಾಬಿನವರಲ್ಲಿ ನನ್ನ ವಿನಂತಿ ಇಷ್ಟೇ. ಮಗುವಿಗೆ ರಕ್ತ ನಿಲ್ಲುತ್ತಿಲ್ಲ, ಆದರೆ ಎಣಿಕೆ ಸರಿ ಇದೆ ಅಂದಾಗ ‘ನಾರ್ಮಲ್’ ಎಂದು ಬರೆದು ಕಳಿಸಬೇಡಿ. ಬೆರಳಿನ ಹಸಿ ರಕ್ತವನ್ನು ಸವರಿ ಒಮ್ಮೆ ನೋಡಿ. ಟ್ಯೂಬಿನಲ್ಲಿ ಹೆಪ್ಪು ಮುದುಡುತ್ತದಾ ನೋಡಿ. ಅನುಮಾನ ಬಂದರೆ ಮುಂದಕ್ಕೆ ಕಳಿಸಿ.

ಸರ್ಕಾರವನ್ನೂ ಕೇಳುತ್ತೇನೆ. ಬೆಳಗಾವಿ ವಿಭಾಗದ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಒಂದು ಕಡೆಯಾದರೂ ಬಡವರಿಗೆ ಈ ಬೆಳಕಿನ ಟೆಸ್ಟ್ ಸಿಗುವಂತೆ ಮಾಡಿ. ವಿಜಯಪುರ, ಬಾಗಲಕೋಟೆಯ ಮಗು 4 ತಾಸಿನ ರಕ್ತಕ್ಕಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಮೂಗು ಹಿಡಿದುಕೊಂಡು ಕೂಡುವುದು ತಪ್ಪಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ರಕ್ತದ ಕಾಯಿಲೆ ಅಂತ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರರ ಹೆಸರಿದೆ. ನನ್ನ ಮಗಳ ಕಾಯಿಲೆಯ ಹೆಸರಿಲ್ಲ. ಹಿಮೋಫಿಲಿಯಾ ಮಗುವಿನ ರಕ್ತ ನಿಲ್ಲದ್ದಕ್ಕೂ ಇವಳ ರಕ್ತ ನಿಲ್ಲದ್ದಕ್ಕೂ ನಮ್ಮಂಥ ಮನೆಯಲ್ಲಿ ಏನು ವ್ಯತ್ಯಾಸ?

ಡೆಂಗಿ ಹೊತ್ತಿನಲ್ಲಿ ಇನ್ನೊಂದು ಮಾತು. ಪ್ಲೇಟ್‌ಲೆಟ್ ಚೀಲವನ್ನು ಫ್ರಿಜ್ಜಿನಲ್ಲಿ ಇಡಲು ಬರುವುದಿಲ್ಲ. 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲಿನ ಹಾಗೆ ತೂಗುವ ಮಷೀನಿನಲ್ಲಿ ಇಡಬೇಕು. ಆಯುಷ್ಯ 5 ದಿನ. ರಕ್ತಸ್ರಾವ ಇಲ್ಲದ, ಎಣಿಕೆ ಮಾತ್ರ ಇಳಿದ ಹೆಚ್ಚಿನ ಡೆಂಗಿ ರೋಗಿಗಳಿಗೆ ಅದು ಬೇಕಾಗುವುದಿಲ್ಲ ಎಂದು ಡಾಕ್ಟರುಗಳು ಹೇಳುತ್ತಾರೆ. ಅವರು ಬೇಡ ಅಂದಾಗ ಹಾಕಲೇಬೇಕು ಅಂತ ಜಗಳ ತೆಗೆಯಬೇಡಿ. ಆ ಚೀಲಕ್ಕೆ ಕಾಯುತ್ತಿರುವ ಇನ್ನೊಂದು ಮಗು ಇರಬಹುದು.

ಮುಂದಿನ ತಿಂಗಳು ಮಗಳಿಗೆ ಒಂದು ದವಡೆ ಹಲ್ಲು ತೆಗೆಸಬೇಕಾಗಿದೆ. ಡಾಕ್ಟರ್ ದಿನ ಗೊತ್ತುಮಾಡಿದ್ದಾರೆ. ನಮ್ಮ ಓಣಿಯ ಇಬ್ಬರು ಹುಡುಗರು, ಇಬ್ಬರೂ ನೇಕಾರರ ಮಕ್ಕಳೇ, ಬೇಕಾದರೆ ಪ್ಲೇಟ್‌ಲೆಟ್ ಕೊಡುತ್ತೇವೆ ಅಂತ ತಾವಾಗಿ ಬಂದು ಹೇಳಿದ್ದಾರೆ. ಹತ್ತು ದಿನ ಮೊದಲಿನಿಂದ ತಲೆನೋವು ಬಂದರೂ ಆಸ್ಪಿರಿನ್ ನುಂಗಬೇಡಿ ಅಂತ ಅವರಿಗೆ ಮಗಳೇ ಹೇಳಿ ಕಳಿಸಿದಳು.

— ಒಬ್ಬ ತಾಯಿ, ಇಳಕಲ್, ಬಾಗಲಕೋಟೆ ಜಿಲ್ಲೆ